"ಅದು ನಂಗೆ ಆಗಿಬರಲ್ಲ": ವೃದ್ಧಾಶ್ರಮದ ಊಟ ಮತ್ತು ಅಲರ್ಜಿ

(ತುಮಕೂರು ಜಿಲ್ಲೆಯ ವೃದ್ಧಾಶ್ರಮಗಳ ಅಡುಗೆಯವರು, ಸಿಸ್ಟರ್‌ಗಳು ಮತ್ತು ಮೇಲ್ವಿಚಾರಕರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಹಿರಿಯರು ವರ್ಷಗಟ್ಟಲೆ ಉಳಿದು ಮೂರು ಹೊತ್ತೂ ಅಲ್ಲೇ ಉಣ್ಣುವ ವೃದ್ಧಾಶ್ರಮಗಳದ್ದು. ಆಸ್ಪತ್ರೆಯಲ್ಲಿ ರೋಗಿ ನಾಲ್ಕು ದಿನ ಇರುತ್ತಾರೆ, ಪಕ್ಕದಲ್ಲಿ ಮನೆಯವರು ಕೂತಿರುತ್ತಾರೆ. ಇಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಊಟ. ಬಡಿಸುವ ಕೈ ಬದಲಾಗುತ್ತಾ ಇರುತ್ತದೆ. ಉಣ್ಣುವವರ ನೆನಪು ಮಸುಕಾಗಿರಬಹುದು. ಹಾಗಾಗಿ ಅಲರ್ಜಿಯ ವಿಷಯ ಡಾಕ್ಟರ ಫೈಲಿನಲ್ಲಿ ಬರೆದಿದ್ದರೆ ಸಾಲದು. ಅಜ್ಜಿಯ ಬಾಯಿಂದ ಹೊರಟ ಮಾತು ಎಲ್ಲೂ ಸೋರದೆ ಬಡಿಸುವವರ ಸೌಟಿನವರೆಗೆ ತಲುಪಬೇಕು. ಅನಾಹುತ ಆದಲ್ಲೆಲ್ಲ ಈ ದಾರಿಯಲ್ಲೇ ಎಲ್ಲೋ ಒಂದು ಕಡೆ ಮಾತು ಸೋರಿರುತ್ತದೆ.

ಮೊದಲು ಸೋರುವುದು ಸೇರ್ಪಡೆಯ ದಿನವೇ. "ಊಟದಲ್ಲಿ ಏನಾದರೂ ತೊಂದರೆ ಇದೆಯಾ ಅಜ್ಜಿ?" ಎಂದರೆ ಬರುವ ಉತ್ತರ: "ಬದನೆಕಾಯಿ ಆಗಿಬರಲ್ಲ", "ಹಾಲು ಆಗಿಬರಲ್ಲ", "ಕಡ್ಲೆ ಆಗಿಬರಲ್ಲ". ನಾವು ಅರ್ಜಿಯಲ್ಲಿ "ಅಲರ್ಜಿ: ಹಾಲು" ಎಂದು ಬರೆದು ಮುಗಿಸುತ್ತೇವೆ. ಆದರೆ "ಆಗಿಬರಲ್ಲ" ಅನ್ನುವುದರೊಳಗೆ ಬೇರೆ ಬೇರೆ ಸಂಗತಿಗಳು ಕೂತಿರುತ್ತವೆ. ಬಾಣಂತನದಲ್ಲಿ ನಂಜು ಎಂದು ಬಿಡಿಸಿದ್ದನ್ನು ಮತ್ತೆ ಮುಟ್ಟದೇ ಇರಬಹುದು. ಹೊಟ್ಟೆ ಉರಿ, ಗ್ಯಾಸು ಇರಬಹುದು. ಹಾಲಿನ ಸಕ್ಕರೆ ಜೀರ್ಣವಾಗದೆ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಹೊಟ್ಟೆ ಉಬ್ಬಿ ಭೇದಿಯಾಗುತ್ತಿರಬಹುದು. ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್‌ನಿಂದ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆ ಇರಬಹುದು. ರುಚಿ ಹಿಡಿಸದೇ ಇರಬಹುದು. ಅಥವಾ ನಿಜವಾದ ಅಲರ್ಜಿಯೇ ಇರಬಹುದು: ಆಹಾರದ ಪ್ರೋಟೀನನ್ನು ದೇಹ ಶತ್ರುವೆಂದು ತಿಳಿದು ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಗಂಧೆ, ಊತ, ವಾಂತಿ, ಉಸಿರುಕಟ್ಟು ತರುವಂಥದ್ದು.

ಇವನ್ನು ಬೇರ್ಪಡಿಸದಿದ್ದರೆ ಎರಡು ಕಡೆಯೂ ನಷ್ಟ. ಹಾಲಿನ ಸಕ್ಕರೆ ಒಗ್ಗದವರಿಗೆ ಗಟ್ಟಿ ಮೊಸರು, ತುಪ್ಪ ಸಾಮಾನ್ಯವಾಗಿ ಒಗ್ಗುತ್ತದೆ. ಹಾಲಿನ ಪ್ರೋಟೀನಿನ ಅಲರ್ಜಿ ಇದ್ದವರಿಗೆ ಒಗ್ಗರಣೆ ಹಾಕಿದ ಮಜ್ಜಿಗೆಯೂ ಬೇಡ, ತುಪ್ಪವೂ ಬೇಡ. ಎಷ್ಟು ಕಾಯಿಸಿದರೂ ತುಪ್ಪದಲ್ಲಿ ಪ್ರೋಟೀನಿನ ಅಂಶ ಸ್ವಲ್ಪ ಉಳಿದಿರುತ್ತದೆ. "ನಂಜು" ಎಂದ ಕೂಡಲೇ ಮೂಢನಂಬಿಕೆ ಎಂದು ತಳ್ಳಿಹಾಕುವುದೂ ಸರಿಯಲ್ಲ. ಬದನೆಕಾಯಿಗೆ ನಿಜವಾದ ಅಲರ್ಜಿ ಆಗುವುದುಂಟು, ಮೈಸೂರಿನ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದರ ಮೇಲೇ ಅಧ್ಯಯನ ಮಾಡಿದ್ದಾರೆ.

ಆದ್ದರಿಂದ "ಆಗಿಬರಲ್ಲ" ಎಂದವರನ್ನು ಹೀಗೆ ಕೇಳಿ. ತಿಂದ ಎಷ್ಟು ಹೊತ್ತಿಗೆ ಶುರುವಾಯಿತು? ಎಷ್ಟು ತಿಂದಿದ್ದಿರಿ, ಒಂದು ಚಮಚವೋ, ಹೊಟ್ಟೆ ತುಂಬವೋ? ತುಟಿ, ನಾಲಿಗೆ, ಕಣ್ಣಿನ ರೆಪ್ಪೆ ಊದಿತ್ತೇ? ಎಷ್ಟು ಸಲ ಆಗಿದೆ, ಕೊನೆಯ ಸಲ ಯಾವಾಗ? ಆಸ್ಪತ್ರೆಗೆ ಹೋಗಬೇಕಾಯಿತೇ, ಸೂಜಿ ಹಾಕಿದರೇ? ಆಮೇಲೆ ಯಾವತ್ತಾದರೂ ಅದನ್ನೇ ತಿಂದು ಏನೂ ಆಗದೇ ಇದ್ದದ್ದುಂಟೇ? ಇದೇ ಪ್ರಶ್ನೆಗಳನ್ನು ಮಗನಿಗೋ ಸೊಸೆಗೋ ಬೇರೆಯಾಗಿ ಕೇಳಿ. ಮರೆವಿನ ಕಾಯಿಲೆ ಇದ್ದವರ ವಿಷಯದಲ್ಲಿ ಇದು ಕಡ್ಡಾಯ. ಉತ್ತರ ಸ್ಪಷ್ಟವಾಗುವವರೆಗೆ ಆ ಪದಾರ್ಥ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ರಕ್ತಪರೀಕ್ಷೆಯ ಚೀಟಿಯೊಂದನ್ನೇ ಹಿಡಿದು ಇಪ್ಪತ್ತು ಪದಾರ್ಥ ಬಿಡಿಸುವುದನ್ನು ನಾನು ಒಪ್ಪುವುದಿಲ್ಲ. ಬೆಂಗಳೂರು, ಮೈಸೂರು ಭಾಗದ ವಯಸ್ಕರಲ್ಲಿ ನಡೆದ ಯುರೋಪ್ರಿವಾಲ್ ಎಂಬ ಆಹಾರ ಅಲರ್ಜಿಯ ಅಧ್ಯಯನದಲ್ಲಿ ಶೇ. 26.5 ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯ ಕಂಡಿತ್ತು. ಲಕ್ಷಣವನ್ನೂ ಸೇರಿಸಿ ನೋಡಿದಾಗ ಅಲರ್ಜಿ ಇರಬಹುದು ಎನಿಸಿದ್ದು ಶೇ. 1.2 ಮಂದಿಗೆ ಮಾತ್ರ. ಅದು ಹಿರಿಯರ ಅಧ್ಯಯನವಲ್ಲ, ಆದರೂ ಪಾಠ ಒಂದೇ: ಪರೀಕ್ಷೆ ಪಾಸಿಟಿವ್ ಬಂದವರೆಲ್ಲ ಅಲರ್ಜಿಯವರಲ್ಲ. ಎಪ್ಪತ್ತೈದು ದಾಟಿದವರಿಗೆ ಕಾರಣವಿಲ್ಲದೆ ಹಾಲು, ಬೇಳೆ, ಮೊಟ್ಟೆ ಬಿಡಿಸಿದರೆ ಮಾಂಸಖಂಡ ಕರಗುತ್ತದೆ, ಬೀಳುವುದು ಹೆಚ್ಚುತ್ತದೆ. ಏನನ್ನೇ ಬಿಡಿಸಿದರೂ ತಿಂಗಳಿಗೊಮ್ಮೆ ತೂಕ ನೋಡಿ. ಒಂದು ತಿಂಗಳಲ್ಲಿ ನೂರಕ್ಕೆ ಐದು ಪಾಲು ಇಳಿದಿದ್ದರೆ ಎಚ್ಚರಿಕೆ. ಹಾಲು ಬಿಟ್ಟವರಿಗೆ ಸುಣ್ಣದ ಅಂಶಕ್ಕೆ ನಮ್ಮ ರಾಗಿಯೇ ಇದೆ, ನೂರು ಗ್ರಾಂನಲ್ಲಿ 340 ಮಿಲಿಗ್ರಾಂಗೂ ಹೆಚ್ಚು. ಪ್ರೋಟೀನಿಗೆ ಬೇರೆ ವ್ಯವಸ್ಥೆ ಆಗಲೇಬೇಕು.

ಯಾವ ಕಡಲೆ?

ನಮ್ಮ ಜಿಲ್ಲೆಗೇ ಹತ್ತಿರವಾದ ಒಂದು ಅಪಾಯ ಮಾತಿನಲ್ಲಿದೆ. ಕಡಲೆ, ಕಡಲೆಬೇಳೆ, ಹುರಿಗಡಲೆ, ಕಡಲೆಹಿಟ್ಟು ಒಂದು ಗಿಡದ್ದು. ಕಡಲೆಕಾಯಿ, ಕಡಲೆಬೀಜ ಬೇರೆಯದೇ ಗಿಡದ್ದು. ಆಡುಮಾತಿನಲ್ಲಿ ಎರಡೂ "ಕಡ್ಲೆ". ಉತ್ತರ ಕರ್ನಾಟಕದಿಂದ ಬಂದ ಅಡುಗೆಯವರಿಗೆ ಕಡಲೆಬೀಜ ಶೇಂಗಾ. ಪಾವಗಡದ ಕಡೆ ತೆಲುಗು ಮಾತಾಡುವ ಅಜ್ಜಿ "ಶನಗಲು" ಎಂದರೆ ಅದು ಕಡಲೆ, "ಶನಕ್ಕಾಯಲು" ಎಂದರೆ ಕಡಲೆಕಾಯಿ. "ಶನಗ"ವನ್ನು ಶೇಂಗಾ ಎಂದು ಕೇಳಿಸಿಕೊಂಡು ಬರೆದರೆ ಆಯಿತು, ಬೇಡದ್ದನ್ನು ಬಡಿಸಿ ಬೇಕಾದ್ದನ್ನು ತಡೆಯುತ್ತೇವೆ. ಎಳ್ಳು ಮತ್ತು ಹುಚ್ಚೆಳ್ಳಿನದೂ ಇದೇ ಕಥೆ.

ಇದಕ್ಕೆ ಪರಿಹಾರ ಸುಲಭ. ಕಡಲೆಬೀಜ, ಕಡಲೆ, ಹುರಿಗಡಲೆ, ಎಳ್ಳು, ಹುಚ್ಚೆಳ್ಳು, ಹುರುಳಿ, ಉದ್ದು, ಗೋಧಿ, ಗೋಡಂಬಿ, ಸಾಸಿವೆ ಇಷ್ಟನ್ನೂ ಬಾಯಿ ಮುಚ್ಚಿ ಬೆಸುಗೆ ಹಾಕಿದ ಸಣ್ಣ ಪಾರದರ್ಶಕ ಕವರಿನಲ್ಲಿ ಒಂದು ರಟ್ಟಿಗೆ ಅಂಟಿಸಿ ಸೇರ್ಪಡೆಯ ಮೇಜಿನ ಮೇಲೆ ಇಡಿ. "ಇದರಲ್ಲಿ ಯಾವುದು ಅಜ್ಜಿ?" ಎಂದು ಬೆರಳಿಡಿಸಿ. ಅಡುಗೆಮನೆಯ ಪಟ್ಟಿಯಲ್ಲಿ ಹೆಸರಿನ ಪಕ್ಕ ಅದೇ ಕಾಳಿನ ಚಿತ್ರ ಇರಲಿ. ಓದು ಬರದ ಸಹಾಯಕರಿಗೂ ಅದು ಅರ್ಥವಾಗುತ್ತದೆ.

ಡಬ್ಬಿ, ಗಾಣ, ಗಿರಣಿ, ಜಾರು

ಪೊಟ್ಟಣದ ಆಹಾರಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ನಿಯಮದಂತೆ ಎಂಟು ಗುಂಪುಗಳನ್ನು ಲೇಬಲ್ಲಿನಲ್ಲಿ ಹೇಳಬೇಕು: ಗ್ಲುಟನ್ ಇರುವ ಧಾನ್ಯ, ಸೀಗಡಿ ಏಡಿಯ ಜಾತಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಹಾಗೂ ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ, ಮತ್ತು ಕೆ.ಜಿ.ಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರುವ ಸಲ್ಫೈಟ್ (ಆಹಾರ ಕೆಡದಂತೆ ಹಾಕುವ ರಾಸಾಯನಿಕ). ಎಳ್ಳು, ಸಾಸಿವೆ, ಕಡಲೆ, ಹುರುಳಿ ಈ ಪಟ್ಟಿಯಲ್ಲಿಲ್ಲ. ನಮ್ಮ ಅಡುಗೆಯ ಜೀವಾಳವೇ ಪಟ್ಟಿಯ ಹೊರಗಿದೆ, ಆದ್ದರಿಂದ "ಎಚ್ಚರಿಕೆ ಬರೆದಿಲ್ಲ, ಹಾಗಾದರೆ ಕ್ಷೇಮ" ಎಂದು ತಿಳಿಯಬೇಡಿ. ಪದಾರ್ಥಗಳ ಇಡೀ ಸಾಲು ಓದಿ. ಲೇಬಲ್ಲು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು ಎಂಬುದು ನಿಯಮ. ನಿಮ್ಮ ಅಡುಗೆಯವರು ಕನ್ನಡವಷ್ಟೇ ಓದುವವರಾದರೆ ಸಾಮಾನು ಇಳಿಸಿಕೊಂಡ ದಿನವೇ ಓದಬಲ್ಲವರೊಬ್ಬರು ಕನ್ನಡದ ಚೀಟಿ ಅಂಟಿಸಬೇಕು. ಡಬ್ಬಿಗೆ ಸುರಿದ ಮೇಲೆ ಪೊಟ್ಟಣ ಎಸೆಯಬೇಡಿ. ಲೇಬಲ್ಲಿನ ಭಾಗ ಕತ್ತರಿಸಿ, ಆ ಸಾಮಾನು ಮುಗಿಯುವವರೆಗೆ ಡಬ್ಬಿಗೇ ರಬ್ಬರ್ ಹಾಕಿ ಕಟ್ಟಿ.

ಅಡಗಿ ಕೂತ ಪದಾರ್ಥಗಳು ಬೇಕಾದಷ್ಟಿವೆ. ಡಬ್ಬಿ ಇಂಗಿನಲ್ಲಿ ಮೈದಾ ಅಥವಾ ಅಕ್ಕಿಹಿಟ್ಟು ಬೆರೆತಿರುತ್ತದೆ. ಗೋಧಿ ಅಲರ್ಜಿಯವರ ಸಾರಿಗೆ ಯಾವುದು ಹಾಕಿದ್ದೀರಿ ಎಂಬುದು ಮುಖ್ಯ. ಹಿರಿಯರಿಗೆ ಶಕ್ತಿ ಬರಲೆಂದು ಕೊಡುವ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ, ಗೋಧಿ, ಹಾಲು, ಸೋಯಾ ಇರುವುದು ಸಾಮಾನ್ಯ. ಮೂಗಿನ ನಳಿಗೆಯಲ್ಲಿ ಕೊಡುವ ಪೌಷ್ಟಿಕ ಪುಡಿಯ ಪ್ರೋಟೀನು ಹೆಚ್ಚಾಗಿ ಹಾಲಿನದು ಇಲ್ಲವೇ ಸೋಯಾದ್ದು. ನಿಪ್ಪಟ್ಟು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಎಣ್ಣೆಗಾಯಿ ಎಲ್ಲದರಲ್ಲೂ ಕಡಲೆಬೀಜ. ಇಲ್ಲಿ ಸಿಸ್ಟರ್‌ಗಳಿಗೊಂದು ಮಾತು: ಮಲಬದ್ಧತೆಗೆ ಕೊಡುವ ಇಸಬಗೋಲ್ ಪುಡಿಯೂ ಅಲರ್ಜಿ ಮಾಡುತ್ತದೆ. ದಿನಾ ಅದನ್ನು ಕದಡುವ ಸಿಸ್ಟರ್‌ಗಳಿಗೇ ಪುಡಿ ಮೂಗಿಗೆ ಹೋಗಿ ಸೀನು, ಉಬ್ಬಸ ಶುರುವಾಗುವುದುಂಟು. ಮಾಸ್ಕ್ ಹಾಕಿಕೊಂಡು, ಫ್ಯಾನು ನಿಲ್ಲಿಸಿ ಕದಡಿ.

ಎಣ್ಣೆಯ ವಿಷಯಕ್ಕೆ ಬರೋಣ. ಪೂರ್ತಿ ರಿಫೈನ್ ಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಬಹುತೇಕ ಹೋಗಿರುತ್ತದೆ. ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ಗಾಣದೆಣ್ಣೆಗೆ ಬದಲಾಯಿಸಿದ ಆಶ್ರಮದಲ್ಲಿ ಕಡಲೆಕಾಯಿ ಅಲರ್ಜಿಯವರೊಬ್ಬರಿದ್ದರೆ ಅಪಾಯ ಹೆಚ್ಚಿತೆಂದೇ ಅರ್ಥ. ಅದೇ ಗಾಣದಲ್ಲಿ ಕಡಲೆಬೀಜ ಆಡಿಸಿ ಆಮೇಲೆ ಕೊಬ್ಬರಿ ಆಡಿಸುತ್ತಾರೆ, ಆಗ ಕೊಬ್ಬರಿ ಎಣ್ಣೆಯೂ ನಂಬಿಕೆಗೆ ಅರ್ಹವಲ್ಲ. ಹಿಟ್ಟಿನ ಗಿರಣಿಯೂ ಹೀಗೆಯೇ. ರಾಗಿಯಲ್ಲಿ ಗ್ಲುಟನ್ ಇಲ್ಲ, ಆದರೆ ಗೋಧಿ ಬೀಸಿದ ಕಲ್ಲಿಗೇ ರಾಗಿ ಸುರಿದರೆ ಮುದ್ದೆಗೆ ಗೋಧಿ ಬಂತು. ಸೀಲಿಯಾಕ್ ಅಥವಾ ಗೋಧಿ ಅಲರ್ಜಿಯವರಿದ್ದರೆ ಅವರ ಮಟ್ಟಿಗೆ ರಾಗಿ ಬೀಸಲು ಸಣ್ಣ ಯಂತ್ರವೊಂದನ್ನು ಆಶ್ರಮದಲ್ಲೇ ಇಡುವುದು ಒಳ್ಳೆಯದು. ಜರಡಿಯೂ ಬೇರೆ ಇರಲಿ, ಅದರ ಕಣ್ಣುಗಳಿಂದ ಹಿಟ್ಟು ಪೂರ್ತಿ ಹೋಗುವುದೇ ಇಲ್ಲ.

ಅಡುಗೆಮನೆಯೊಳಗೆ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಮಿಕ್ಸಿ ಜಾರು. ಕಡಲೆಬೀಜದ ಚಟ್ನಿ ರುಬ್ಬಿ, ನೀರಲ್ಲಿ ಒಮ್ಮೆ ತಿರುಗಿಸಿ ಚೆಲ್ಲಿ, ಅದರಲ್ಲೇ ಕಾಯಿ ರುಬ್ಬುತ್ತೇವೆ. ಮುಚ್ಚಳದ ರಬ್ಬರು ಬಿಚ್ಚಿ ನೋಡಿ, ಬ್ಲೇಡಿನ ಬುಡದಲ್ಲಿ ಬೆರಳಾಡಿಸಿ, ಪದಾರ್ಥ ಅಲ್ಲೇ ಮೆತ್ತಿಕೊಂಡಿರುತ್ತದೆ. ಆ ಒಂದಿಷ್ಟೇ ಸಾಕು. ಕಾಯಿಸಿದರೆ ಹೋಗುತ್ತದೆ ಎಂಬುದೂ ತಪ್ಪು: ಕಡಲೆಬೀಜ ಹುರಿದಷ್ಟೂ ಅದರ ಅಲರ್ಜಿಯ ಗುಣ ಹೆಚ್ಚುತ್ತದೆ. ಒಂದು ಜಾರು, ಒಂದು ಬಾಣಲೆ, ಎರಡು ಸೌಟು, ಒಂದು ತವಾ ಬೇರೆ ಮಾಡಿ, ಬೇರೆ ಮೊಳೆಗೆ ತೂಗುಹಾಕಿ. ಮರದ ಸೌಟು, ಲಟ್ಟಣಿಗೆ ಎಷ್ಟು ತೊಳೆದರೂ ಹೀರಿಕೊಂಡದ್ದನ್ನು ಬಿಡುವುದಿಲ್ಲ. ವಡೆ ಕರಿದ ಎಣ್ಣೆಯಲ್ಲಿ ಅಲರ್ಜಿಯವರ ಹಪ್ಪಳ ಕರಿಯಬೇಡಿ. ಅವರ ಅಡುಗೆ ಮೊದಲು ಮಾಡಿ, ಮುಚ್ಚಿ, ಮೇಲಿನ ಹಲಗೆಗೆ ಏರಿಸಿ. ಆಮೇಲೆ ಉಳಿದದ್ದು. ಕೈಯನ್ನು ಸೋಪು ನೀರಿನಲ್ಲೇ ತೊಳೆಯಿರಿ. ಸ್ಯಾನಿಟೈಸರ್ ರೋಗಾಣು ಕೊಲ್ಲುತ್ತದೆ, ಕಡಲೆಕಾಯಿಯ ಪ್ರೋಟೀನನ್ನು ತೆಗೆಯುವುದಿಲ್ಲ.

ತೆಗೆದುಹಾಕಲು ಆಗುವುದನ್ನು ತೆಗೆದೇ ಹಾಕಿ ಎಂಬುದು ನನ್ನ ಖಚಿತ ಅಭಿಪ್ರಾಯ. ತೀವ್ರವಾದ ಕಡಲೆಕಾಯಿ ಅಲರ್ಜಿಯವರು ಒಬ್ಬರಿದ್ದರೂ ಆ ಅಡುಗೆಮನೆಗೆ ಕಡಲೆಬೀಜ ಬೇಡ. ಚಟ್ನಿಗೆ ಹುರಿಗಡಲೆ, ಕೊಬ್ಬರಿ ಇದೆ. ಹುರಿಗಡಲೆ ಅವರಿಗೆ ಒಗ್ಗುತ್ತದೆಯೇ ಎಂದು ಡಾಕ್ಟರನ್ನು ಕೇಳಿಕೊಳ್ಳಿ, ಅಷ್ಟೇ. ಕಡಲೆಕಾಯಿ ಅಲರ್ಜಿ ಎಂದ ಮಾತ್ರಕ್ಕೆ ಎಲ್ಲ ಬೇಳೆಕಾಳೂ ಬಿಡಬೇಕಿಲ್ಲ. ಹಾಲು, ಗೋಧಿಯನ್ನು ಹೀಗೆ ಹೊರಗಿಡುವುದು ಕಷ್ಟ. ಅಲ್ಲಿ ಬೇರೆ ಪಾತ್ರೆಯ ಶಿಸ್ತೇ ದಾರಿ.

ಪಂಕ್ತಿಯಲ್ಲಿ

ಇಷ್ಟೆಲ್ಲ ಮಾಡಿ ಪಂಕ್ತಿಯಲ್ಲಿ ಕೆಡಿಸಿಕೊಳ್ಳುತ್ತೇವೆ. ಚಟ್ನಿಯ ಸೌಟು ಸಾರಿನ ಬಕೆಟ್ಟಿಗೆ ಬೀಳುತ್ತದೆ. ಪಕ್ಕದ ತಾತ ಪ್ರೀತಿಯಿಂದ ತಮ್ಮ ಒಬ್ಬಟ್ಟಿನಲ್ಲಿ ಅರ್ಧ ಮುರಿದು ಕೊಡುತ್ತಾರೆ. ಮರೆವಿನ ಕಾಯಿಲೆಯವರು ಪಕ್ಕದ ತಟ್ಟೆಗೇ ಕೈ ಹಾಕುತ್ತಾರೆ. ಅಲರ್ಜಿ ಇರುವವರ ತಟ್ಟೆಗೆ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಸಿ. ಅಂಟಿಸಿದ ಸ್ಟಿಕ್ಕರು ನಾಲ್ಕು ದಿನದ ತೊಳೆತಕ್ಕೆ ಕಿತ್ತುಬರುತ್ತದೆ, ಕೊರೆದ ಹೆಸರು ಹೋಗುವುದಿಲ್ಲ. ಅವರ ಊಟ ಅಡುಗೆಮನೆಯಿಂದಲೇ ತಟ್ಟೆಗೆ ಹಾಕಿ ಮುಚ್ಚಿ, ಎಲ್ಲರಿಗಿಂತ ಮೊದಲು ಹೋಗಲಿ. ಎರಡನೇ ಸಲ ಬಡಿಸುವುದಕ್ಕೂ ಬೇರೆ ಡಬ್ಬಿಯಲ್ಲಿ ಇಟ್ಟಿರಿ. ತಪ್ಪು ಹೆಚ್ಚಾಗಿ ಆಗುವುದು "ಇನ್ನೊಂಚೂರು ಹಾಕಲಾ?" ಎಂಬಲ್ಲಿ. ತಟ್ಟೆ ಇಡುವವರು ಹೆಸರು ಕರೆದು, ಏನು ಬೇಡ ಎಂಬುದನ್ನು ಬಾಯಿಬಿಟ್ಟು ಹೇಳಿ ಇಡಲಿ: "ಲಕ್ಷ್ಮಜ್ಜಿ, ಹಾಲಿಲ್ಲದ್ದು." ಕೇಳಿಸಿಕೊಂಡ ಪಕ್ಕದವರೂ ಕಾವಲಾಗುತ್ತಾರೆ.

ಇನ್ನು ದಾನದ ಊಟ. ಮಗುವಿನ ಹುಟ್ಟುಹಬ್ಬ, ಹಿರಿಯರ ತಿಥಿ ಎಂದು ಊರ ಜನ ಆಶ್ರಮಕ್ಕೆ ಊಟ ತರುವುದು ದೊಡ್ಡ ಮನಸ್ಸು. ಅದನ್ನು ನಿಲ್ಲಿಸಿ ಎಂದು ಹೇಳಲಾರೆ. ಆದರೆ ಹೊರಗಿನ ಅಡುಗೆಯಲ್ಲಿ ಏನಿದೆಯೆಂದು ತಂದವರಿಗೂ ಗೊತ್ತಿರುವುದಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಕಡಲೆಬೀಜ, ಎಳ್ಳು, ಹುರಿಗಡಲೆ, ಕೊಬ್ಬರಿ ಒಟ್ಟಿಗೇ ಇವೆ. ಕೇಕಿನಲ್ಲಿ ಗೋಧಿ, ಹಾಲು, ಸಾಮಾನ್ಯವಾಗಿ ಮೊಟ್ಟೆ. ಗೋಡಂಬಿ ಬರ್ಫಿಗೆ ಕಡಲೆಬೀಜ ಬೆರೆಸುವವರೂ ಇದ್ದಾರೆ. ದಿನ ಗೊತ್ತುಮಾಡುವ ಫೋನಿನಲ್ಲೇ ಹೀಗೆ ಹೇಳಿ: "ನಮ್ಮಲ್ಲಿ ಕೆಲವರಿಗೆ ಅಲರ್ಜಿ ಇದೆ ಅಣ್ಣ. ಸಾಮಾನು ಕೊಟ್ಟರೆ ನಾವೇ ಮಾಡಿ ನಿಮ್ಮ ಹೆಸರಲ್ಲೇ ಬಡಿಸ್ತೀವಿ." ಆದರೂ ಅಡುಗೆ ತಂದರೆ ಬಡಿಸಿ, ಅಲರ್ಜಿ ಇರುವವರ ತಟ್ಟೆಗೆ ಮಾತ್ರ ಆ ದಿನವೂ ನಿಮ್ಮ ಒಲೆಯ ಊಟವೇ. ಅದಕ್ಕೊಂದು ಸಿಹಿಯನ್ನೂ ಮಾಡಿಡಿ. ಎಲ್ಲರೂ ಪಾಯಸ ಉಣ್ಣುವಾಗ ಒಬ್ಬರು ಸುಮ್ಮನೆ ಕೂರುವುದು ನೋವಿನ ವಿಷಯ, ಕದ್ದು ತಿನ್ನಲು ಅದೇ ಕಾರಣವೂ ಆಗುತ್ತದೆ.

ಅಲರ್ಜಿ ಆಗಿಬಿಟ್ಟರೆ ಏನು ಮಾಡಬೇಕು

ಹಿರಿಯರಲ್ಲಿ ಅನಾಫಿಲಾಕ್ಸಿಸ್, ಅಂದರೆ ಪ್ರಾಣಕ್ಕೇ ಬರುವ ಅಲರ್ಜಿ, ಪುಸ್ತಕದಲ್ಲಿರುವಂತೆ ಗಂಧೆಯಿಂದಲೇ ಶುರುವಾಗಬೇಕೆಂದಿಲ್ಲ. ಊಟವಾದ ಹತ್ತು ನಿಮಿಷಕ್ಕೆ ತಲೆಸುತ್ತಿ ಬೀಳಬಹುದು, ಇದ್ದಕ್ಕಿದ್ದಂತೆ ವಾಂತಿಯಾಗಬಹುದು, ಗೊಂದಲದ ಮಾತು ಬರಬಹುದು. ಬಿ.ಪಿ. ಇಳಿದಿರುತ್ತದೆ, ನಾವು ಶುಗರ್ ಇಳಿದಿದೆ ಎಂದುಕೊಳ್ಳುತ್ತೇವೆ. ಮುದ್ದೆ ಗಂಟಲಲ್ಲಿ ಸಿಕ್ಕಿದ್ದರೆ ಬೇರೆ: ಅದು ತುತ್ತು ನುಂಗುವಾಗಲೇ ಆಗುತ್ತದೆ, ದನಿ ಹೊರಡುವುದಿಲ್ಲ, ಕೈ ಗಂಟಲಿಗೆ ಹೋಗುತ್ತದೆ. ಮಾತ್ರೆಗಳೂ ಚಿತ್ರ ಬದಲಿಸುತ್ತವೆ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್ (ಬಿ.ಪಿ., ಹೃದಯದ ಮಾತ್ರೆ) ತೆಗೆದುಕೊಳ್ಳುವವರಲ್ಲಿ ಅಲರ್ಜಿ ಹೆಚ್ಚು ಗಂಭೀರವಾಗಬಹುದು, ಅದಕ್ಕೆ ಹಾಕುವ ಅಡ್ರಿನಲಿನ್ ಸೂಜಿ ಸರಿಯಾಗಿ ಕೆಲಸ ಮಾಡದೇ ಇರಬಹುದು. ಆಗ ಆಸ್ಪತ್ರೆಯಲ್ಲಿ ಗ್ಲುಕಗಾನ್ ಎಂಬ ಇನ್ನೊಂದು ಔಷಧ ಬೇಕಾಗುತ್ತದೆ. ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಬಿ.ಪಿ. ಮಾತ್ರೆ ವರ್ಷಗಟ್ಟಲೆ ನುಂಗಿದ ಮೇಲೂ ಒಂದು ದಿನ ತುಟಿ ನಾಲಿಗೆ ಊದಿಸಬಹುದು, ಊಟದ ತಪ್ಪಿಲ್ಲದೆ. ಆದ್ದರಿಂದ ಅಲರ್ಜಿಯ ಹಾಳೆಯಲ್ಲೇ ಮಾತ್ರೆಗಳ ಪಟ್ಟಿಯೂ ಇರಲಿ.

ಔಷಧ ಒಂದೇ: ಅಡ್ರಿನಲಿನ್. ಗಂಧೆ ಕಂಡ ಕೂಡಲೇ ಅವಿಲ್, ಡೆಕ್ಸಾ ಸೂಜಿ ಹಾಕಿ ಕಾಯುವ ಅಭ್ಯಾಸ ಬಹಳ ಕಡೆ ಇದೆ. ಅವು ತುರಿಕೆ ತಗ್ಗಿಸುತ್ತವೆ, ಮುಚ್ಚುತ್ತಿರುವ ಶ್ವಾಸದಾರಿಯನ್ನು ತೆರೆಯುವುದಿಲ್ಲ, ಇಳಿದ ಬಿ.ಪಿ. ಏರಿಸುವುದಿಲ್ಲ. ಹೊರದೇಶಗಳ ಪೆನ್ನಿನಂಥ ಸೂಜಿಯನ್ನು ನಂಬಿ ಕೂರಬೇಡಿ, ನಮ್ಮ ಕೈಗೆ ಸಿಗುವುದು 1 ಮಿ.ಲೀ. ಆಂಪೂಲು (ಔಷಧದ ಸಣ್ಣ ಗಾಜಿನ ಸೀಸೆ), ಅದರಲ್ಲಿ 1 ಮಿಲಿಗ್ರಾಂ ಔಷಧ. ವಯಸ್ಕರಿಗೆ ಅರ್ಧ ಆಂಪೂಲು, ಅಂದರೆ 0.5 ಮಿ.ಲೀ., ತೊಡೆಯ ಹೊರಮಗ್ಗುಲಿನ ನಡುಭಾಗಕ್ಕೆ, ಮಾಂಸಖಂಡದೊಳಗೆ. ತೂಕದ ಲೆಕ್ಕ ಕೆ.ಜಿ.ಗೆ 0.01 ಮಿ.ಲೀ., ಹಾಗಾಗಿ 40 ಕೆ.ಜಿ.ಯ ಸಣಕಲು ಅಜ್ಜಿಗೆ 0.4. ಯಾರಿಗೆ ಎಷ್ಟು ಎಂಬುದನ್ನು ನಿಮ್ಮ ಆಶ್ರಮಕ್ಕೆ ಬರುವ ಡಾಕ್ಟರು ಮೊದಲೇ ಬರೆದು ಸಹಿ ಮಾಡಿಕೊಟ್ಟಿರಬೇಕು. ಆ ಹೊತ್ತಿನಲ್ಲಿ ಫೋನು ಹಚ್ಚಿ ಕೇಳುತ್ತಾ ಕೂರಬಾರದು. ಇನ್ಸುಲಿನ್ ಸಿರಿಂಜಿನ ಸೂಜಿ ಗಿಡ್ಡ, ಮಾಂಸಖಂಡ ಮುಟ್ಟುವುದಿಲ್ಲ. ಒಂದು ಇಂಚಿನ 23 ಗೇಜ್ ಸೂಜಿ ಇಡಿ. ಈ ಔಷಧವನ್ನು ಹೀಗೇ ರಕ್ತನಾಳಕ್ಕೆ ಕೊಡಬಾರದು, ಹೃದಯಕ್ಕೆ ಅಪಾಯ. ಹೃದಯದ ಕಾಯಿಲೆಯವರಿಗೆ ತೊಡೆಗೂ ಕೊಡಬಹುದೇ ಎಂಬ ಭಯ ಸಹಜ. ಅನಾಫಿಲಾಕ್ಸಿಸ್ ಆಗಿದ್ದರೆ ಕೊಡದೇ ಇರುವುದೇ ಹೆಚ್ಚಿನ ಅಪಾಯ.

ಒಬ್ಬರು ಸೂಜಿ ತರುವಾಗ ಇನ್ನೊಬ್ಬರು 108ಕ್ಕೆ ಫೋನು ಮಾಡಲಿ. ಅಜ್ಜಿಯನ್ನು ಮಲಗಿಸಿ, ಕಾಲು ಎತ್ತರಿಸಿ. ಉಸಿರಾಟ ಕಷ್ಟವಾಗಿದ್ದರೆ ಒರಗಿಸಿ ಕೂರಿಸಿ. ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ ತಿರುಗಿಸಿ. ಎಬ್ಬಿಸಿ ನಡೆಸಬೇಡಿ, ಬಚ್ಚಲಿಗೂ ಬೇಡ: ಏಕಾಏಕಿ ನಿಂತಾಗ ಹೃದಯಕ್ಕೆ ರಕ್ತ ಸಾಲದೆ ಜೀವ ಹೋದದ್ದಿದೆ. ಐದು ನಿಮಿಷಕ್ಕೆ ಸುಧಾರಿಸದಿದ್ದರೆ ಇನ್ನೊಂದು ಡೋಸು, ಬೇರೆ ತೊಡೆಗೆ. ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ನಂತರ ಮತ್ತೆ ಮರುಕಳಿಸುವುದುಂಟು. ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರಿನಷ್ಟು ದಾರಿ. ಅಂಥ ಕಡೆಯ ಆಶ್ರಮಗಳಲ್ಲಿ ಎರಡು ಆಂಪೂಲು ಸಾಲದು, ಕನಿಷ್ಠ ನಾಲ್ಕು ಇರಲಿ, ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಆಂಪೂಲನ್ನು ಬಿಸಿಲು ಬೀಳದ, 25 ಡಿಗ್ರಿ ಮೀರದ ಕಡೆ ಇಡಿ. ಬಣ್ಣ ನಸುಗೆಂಪಾಗಿದ್ದರೆ, ಕಂದಾಗಿದ್ದರೆ ಬಿಸಾಡಿ. ತಿಂಗಳ ಮೊದಲ ದಿನ ತಾರೀಖು ನೋಡಿ ಬರೆದಿಡಿ. ಪೆಟ್ಟಿಗೆಗೆ ಬೀಗ ಬೇಡ, ಬೀಗದ ಕೈ ಇರುವವರು ರಜೆಯಲ್ಲಿದ್ದ ದಿನವೇ ಬೇಕಾಗುತ್ತದೆ.

ಆಂಬ್ಯುಲೆನ್ಸಿನ ಜೊತೆ ಅಲರ್ಜಿಯ ಹಾಳೆ, ಸೂಜಿ ಹಾಕಿದ ಸಮಯ, ತಿಂದದ್ದರ ಪಟ್ಟಿ ಕಳಿಸಿ. ದಿನವೂ ಪ್ರತಿ ಅಡುಗೆಯಿಂದ ನೂರು ಗ್ರಾಂನಷ್ಟು ತೆಗೆದು, ತಾರೀಖು ಬರೆದು, ಎರಡು ಮೂರು ದಿನ ಫ್ರಿಜ್ಜಿನಲ್ಲಿ ಇಡುವ ಪದ್ಧತಿ ಇದ್ದರೆ ಆಗ ಉಪಯೋಗಕ್ಕೆ ಬರುತ್ತದೆ. ಪೊಟ್ಟಣದ ಲೇಬಲ್ಲುಗಳೂ ಸಿಗಬೇಕು. ಮಾರನೆಯ ದಿನ ಅಡುಗೆಯವರನ್ನು ಗದರಿಸಲು ಹೋಗಬೇಡಿ, ಹೆದರಿದವರು ಮುಂದಿನ ಸಲ ಮುಚ್ಚಿಡುತ್ತಾರೆ. ಅವರ ಜೊತೆ ಕೂತು ಆ ಊಟದ ದಾರಿಯನ್ನು ಹಿಂದಕ್ಕೆ ನಡೆದು ನೋಡಿ: ತಟ್ಟೆ, ಸೌಟು, ಬಕೆಟ್ಟು, ಜಾರು, ಡಬ್ಬಿ, ಅಂಗಡಿ. ಸೋರಿದ ಜಾಗ ಸಿಕ್ಕ ಮೇಲೆ ಪಟ್ಟಿ ತಿದ್ದಿ, ಎರಡೂ ಪಾಳಿಯವರಿಂದ ಸಹಿ ಹಾಕಿಸಿ. ತಿದ್ದಿದ ಪಟ್ಟಿ ಅಡುಗೆಮನೆಯ ಗೋಡೆಗೆ ಬರುವವರೆಗೆ ಆಸ್ಪತ್ರೆಯಿಂದ ಮರಳಿದ ಅಜ್ಜಿಯ ಊಟವನ್ನು ಮೇಲ್ವಿಚಾರಕರೇ ನಿಂತು ತಟ್ಟೆಗೆ ಹಾಕಿಸಲಿ.